ಬಿಲ್ಲಿನಾಗ ಹೆಸರಿಲ್ಲದ ಡಾಕ್ಟರ್: ಆಸ್ಪತ್ರೆಯ ಮೈಕ್ರೋಬಯಾಲಜಿಸ್ಟ್ ಏನು ಮಾಡ್ತಾರೆ?

ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗಲಿ ಅಂತ ಅಲ್ಲಲ್ಲಿ ತಿದ್ದಿದ್ದೇನೆ.

 

ಸಾಮಾನ್ಯವಾಗಿ ಇಲ್ಲಿ ನಾನು ಮಾತಾಡೋದು ಸಾಲ, ಇಎಂಐ, ಜಿಎಸ್‌ಟಿ ಬಗ್ಗೆ. ಓದಿದ್ದು ಬಿ.ಕಾಂ., ಬೇರೆ ಏನು ಮಾತಾಡಲಿ? ಈ ಸಲ ಮಾತ್ರ ಒಂದು ದವಾಖಾನಿ ಬಿಲ್ ಮುಂದಿಟ್ಕೊಂಡು ಕುಂತೇನಿ. ಅಪ್ಪನ ಬಿಲ್. ಅದರಲ್ಲಿ ಸರ್ಜನ್ ಹೆಸರಿದೆ, ಅರಿವಳಿಕೆ ಕೊಟ್ಟವರ ಹೆಸರಿದೆ, ಶುಗರ್ ನೋಡಿದ ಫಿಸಿಷಿಯನ್ ಹೆಸರಿದೆ. ಆದರೆ ಅಪ್ಪನ ಕಾಲು ಉಳಿಯೋದರಲ್ಲಿ ದೊಡ್ಡ ಪಾಲು ಇದ್ದ ಒಬ್ಬ ಡಾಕ್ಟರ್ ಹೆಸರು ಎಲ್ಲೂ ಇಲ್ಲ. ಅವರ ಕೆಲಸಕ್ಕೆ ಸಿಕ್ಕಿದ್ದು ಒಂದೇ ಸಾಲು: ‘ಕಲ್ಚರ್ ಆ್ಯಂಡ್ ಸೆನ್ಸಿಟಿವಿಟಿ’.

ಆ ಒಂದು ಸಾಲಿನ ಹಿಂದೆ ಯಾರು ಇರ್ತಾರೆ, ಏನು ನಡೀತದ ಅನ್ನೋದೇ ಇವತ್ತಿನ ಸಂಚಿಕೆ.

ಮೂರು ತಾಲೂಕು, ಮೂರು ಗುಳಿಗೆ ಪಟ್ಟಿ

ನಮ್ಮ ಹೊಲ ಇರೋದು ಮೂಡಲಗಿ ಕಡೆ. ಕಬ್ಬು. ಕಟಾವು ಆದ ಹೊಲದಲ್ಲಿ ಅಪ್ಪ ಬರಿಗಾಲಲ್ಲಿ ನಡೆಯುವಾಗ ಕೂಳೆ ಚುಚ್ಚಿತು. ಕೂಳೆ ಅಂದ್ರ ಕಬ್ಬು ಕಡಿದ ಮೇಲೆ ನೆಲದಲ್ಲಿ ಉಳಿಯುವ ಚೂಪು ಬುಡ. ಅಪ್ಪನಿಗೆ ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ. ಬಹಳ ವರ್ಷ ಶುಗರ್ ಇದ್ದವರ ಪಾದದಲ್ಲಿ ನರಗಳು ಜಡವಾಗ್ತವೆ, ಚುಚ್ಚಿದ್ದು ಗೊತ್ತಾಗೋದಿಲ್ಲ. ಅಪ್ಪನಿಗೂ ಗೊತ್ತಾಗಲಿಲ್ಲ. ಸಂಜೆ ಚಪ್ಪಲಿಯಲ್ಲಿ ರಕ್ತ ನೋಡಿದವಳು ಅವ್ವ.

ಮೊದಲು ಮೂಡಲಗಿಯ ಒಂದು ಮೆಡಿಕಲ್ ಅಂಗಡಿ. ಚೀಟಿ ಇಲ್ಲ, ಏನೂ ಇಲ್ಲ. ‘ಗಾಯ ಆಗೇತ್ರಿ’ ಅಂದ್ವಿ, ಮೂರು ದಿನದ ಗುಳಿಗೆ ಬಂತು. ಆಮೇಲೆ ಗೋಕಾಕದಲ್ಲಿ ಒಬ್ಬರು ಡಾಕ್ಟರ್, ದಿನಕ್ಕೊಂದು ಇಂಜೆಕ್ಷನ್, ಜೊತೆಗೆ ಬೇರೆ ಗುಳಿಗೆ. ಸ್ವಲ್ಪ ಕಡಿಮೆ ಆದಂಗ ಕಂಡಿತು, ನಡುವೆ ಬಿಟ್ಟೆವು. ಹುಕ್ಕೇರಿಗೆ ಚಿಗವ್ವನ ಮನೆಗೆ ಹೋದಾಗ ಪಾದ ಮತ್ತೆ ಬಾತು ಕೀವು ಬಂತು. ಅಲ್ಲೂ ಒಬ್ಬರಿಗೆ ತೋರಿಸಿದೆವು. ಮೂರನೇ ಪಟ್ಟಿ.

ಹನ್ನೆರಡು ದಿನ, ಮೂರು ತಾಲೂಕು, ಮೂರು ಆ್ಯಂಟಿಬಯೋಟಿಕ್. ಯಾರೂ ಆ ಕೀವನ್ನ ಒಂದು ಸಲ ಲ್ಯಾಬಿಗೆ ಕಳಿಸಲಿಲ್ಲ. ನಾವೂ ಕೇಳಲಿಲ್ಲ. ಮೂರೂ ಸಲ ಫೋನ್‌ಪೇ ಮಾಡಿದವ ನಾನೇ. ಇದನ್ನ ಮೊದಲೇ ಹೇಳಿಬಿಡ್ತೀನಿ, ಯಾಕಂದ್ರ ಮುಂದೆ ನಾನು ಬುದ್ಧಿ ಹೇಳಿದಂಗ ಅನ್ನಿಸಬಾರದು.

ಹದಿಮೂರನೇ ದಿನ ಅಪ್ಪನಿಗೆ ಚಳಿಜ್ವರ. ಮಾತು ಅಡ್ಡಾದಿಡ್ಡಿ. ಆ್ಯಂಬುಲೆನ್ಸ್‌ನಲ್ಲಿ ಬೆಳಗಾವಿ.

‘ಗುಳಿಗಿ ಪಟ್ಟಿ ಅದಾವೇನ್ರಿ?’

ಬೆಳಗಾವಿಯ ಆಸ್ಪತ್ರೆಯಲ್ಲಿ ಮೊದಲ ಗಂಟೆಯಲ್ಲೇ ಎರಡು ಕೈಗಳಿಂದ ಬೇರೆ ಬೇರೆಯಾಗಿ ರಕ್ತ ತೆಗೆದು ಬಾಟಲಿಗಳಿಗೆ ಹಾಕಿದರು. ಆಮೇಲೇ ಆ್ಯಂಟಿಬಯೋಟಿಕ್ ಶುರು. ಎರಡು ಬಗೆ, ಎರಡೂ ದುಬಾರಿ. ಗಾಯದ ಮೇಲಿಂದ ಹತ್ತಿಯ ಕಡ್ಡಿಯಲ್ಲಿ ಕೀವು ಒರೆಸಿಕೊಂಡು ಅದನ್ನೂ ಕಳಿಸಿದರು.

ಮರುದಿನ ನರ್ಸ್ ಬಂದು ಹೇಳಿದರು: ‘ಲ್ಯಾಬಿನವರು ಸ್ಯಾಂಪಲ್ ರಿಜೆಕ್ಟ್ ಮಾಡ್ಯಾರ.’

ನನಗೆ ನೆತ್ತಿಗೇರಿತು. ಅಪ್ಪ ಹಿಂಗ ಮಲಗ್ಯಾನ, ಇವರು ಸ್ಯಾಂಪಲ್ ವಾಪಸ್ ಕಳಿಸ್ತಾರಲ್ಲ! ಅರ್ಧ ಗಂಟೆಯಲ್ಲಿ ಒಬ್ಬ ಮೇಡಂ ಬಂದರು. ಕುತ್ತಿಗೆಗೆ ಸ್ಟೆತಸ್ಕೋಪ್ ಇಲ್ಲ. ಕಾಲು ನೋಡಿದರು, ಕೇಸ್ ಶೀಟ್ ಓದಿದರು, ನನ್ನ ಕಡೆ ತಿರುಗಿ ಕೇಳಿದರು: ‘ಇಲ್ಲಿ ಬರೋ ಮುಂಚೆ ಏನೇನು ಕೊಟ್ಟೀರಿ? ಗುಳಿಗಿ ಪಟ್ಟಿ ಅದಾವೇನ್ರಿ?’

ಪಟ್ಟಿ ಇರಲಿಲ್ಲ. ಆದರೆ ಚಿಗವ್ವನಿಗೆ ವಾಟ್ಸಾಪ್‌ನಲ್ಲಿ ಕಳಿಸಿದ್ದ ಫೋಟೋ ಇತ್ತು. ಅದನ್ನ ಜೂಮ್ ಮಾಡಿ ನೋಡಿ ಬರೆದುಕೊಂಡರು. ಅವರೇ ಆಸ್ಪತ್ರೆಯ ಮೈಕ್ರೋಬಯಾಲಜಿ ಕನ್ಸಲ್ಟಂಟ್.

ಅಲ್ಲೀತನಕ ನಾನು ತಿಳಿದಿದ್ದು, ಲ್ಯಾಬ್ ಅಂದ್ರ ಮಷೀನು, ಟೆಕ್ನಿಷಿಯನ್, ಪ್ರಿಂಟರ್. ಆದರೆ ಅಲ್ಲೊಬ್ಬ ಡಾಕ್ಟರ್ ಇರ್ತಾರೆ. ಎಂಬಿಬಿಎಸ್ ಮುಗಿಸಿ, ಮತ್ತೆ ಮೂರು ವರ್ಷ ಎಂ.ಡಿ. ಮೈಕ್ರೋಬಯಾಲಜಿ ಓದಿದವರು. ರೋಗಿಗೆ ಇರೋದು ಸೋಂಕೇ ಹೌದೋ ಅಲ್ಲೋ, ಯಾವ ಸೂಕ್ಷ್ಮಾಣು, ಅದಕ್ಕೆ ಯಾವ ಔಷಧ, ಎಷ್ಟು ದಿನ, ಮತ್ತೆ ಆ ಸೋಂಕು ಪಕ್ಕದ ಹಾಸಿಗೆಗೆ ಹೋಗದಂಗ ಹೆಂಗ ತಡೀಬೇಕು? ಈ ಪ್ರಶ್ನೆಗಳೆಲ್ಲ ಅವರ ಕೆಲಸದೊಳಗೆ ಬರ್ತವೆ.

ಸ್ಯಾಂಪಲ್ ಯಾಕೆ ವಾಪಸ್ ಕಳಿಸಿದರು ಅಂತಲೂ ಅವರೇ ಹೇಳಿದರು. ಚರ್ಮದ ಮೇಲೆ ಎಲ್ಲರಿಗೂ ಬ್ಯಾಕ್ಟೀರಿಯಾ ಇದ್ದೇ ಇರ್ತವೆ. ಹಳೇ ಗಾಯದ ಮೇಲ್ಭಾಗ ಒರೆಸಿದರೆ ಸಂತೆಗೆ ಬಂದವರೆಲ್ಲ ಸಿಗ್ತಾರೆ, ಕಳ್ಳ ಯಾರು ಅಂತ ಗೊತ್ತಾಗೋದಿಲ್ಲ. ಆ ರಿಪೋರ್ಟ್ ನಂಬಿ ಔಷಧ ಕೊಟ್ಟರೆ ಸಂತೆಗೆ ಬಂದವರಿಗೆ ಶಿಕ್ಷೆ, ಕಳ್ಳ ಒಳಗೇ ಆರಾಮ. ಹಾಗಾಗಿ ಸರ್ಜನ್ ಕೊಳೆತ ಭಾಗ ತೆಗೆಯುವಾಗ ಆಳದಿಂದ ಒಂದು ಚೂರು ಮಾಂಸ ಕಳಿಸಿ ಅಂದರು. ಅವತ್ತೇ ಮಧ್ಯಾಹ್ನ ಆಪರೇಷನ್ ಆಯಿತು. ಎರಡು ಬೆರಳು ಹೋದವು. ಆಳದ ಚೂರು ಲ್ಯಾಬಿಗೆ ಹೋಯಿತು.

ರಿಪೋರ್ಟ್‌ಗೆ ಮೂರು ದಿನ ಯಾಕೆ?

ಯುಪಿಐ ಕಾಲದವರು ನಾವು. ಮೂರು ದಿನ ಅಂದ್ರ ಜೀವ ಹೋಗ್ತದ. ಆದರೆ ಕಲ್ಚರ್ ಅಂದ್ರ ಬೆಳೆ ಬೆಳೆದಂಗ. ಬೀಜ ಹಾಕಬೇಕು, ಮೊಳಕೆ ಬರೋತನಕ ಕಾಯಬೇಕು.

ಹೊಲ ಯಾವುದು? ಅಗರ್ ಅನ್ನೋ ಜೆಲ್ಲಿ ಹಾಕಿದ ದುಂಡನೆ ತಟ್ಟೆ. ಇದರ ಕತೆ ಚೆಂದ ಐತಿ. 1881ರ ಸುಮಾರಿಗೆ ಜರ್ಮನಿಯಲ್ಲಿ ರಾಬರ್ಟ್ ಕಾಕ್ ಅವರ ಲ್ಯಾಬಿನಲ್ಲಿ ಜೆಲಟಿನ್ ಮೇಲೆ ಬ್ಯಾಕ್ಟೀರಿಯಾ ಬೆಳೆಸುತ್ತಿದ್ದರು. ದೇಹದ ಶಾಖ, ಅಂದ್ರ 37 ಡಿಗ್ರಿಗೆ ಇಟ್ಟರೆ ಜೆಲಟಿನ್ ಕರಗಿ ನೀರಾಗ್ತಿತ್ತು. ಅಲ್ಲಿ ಕೆಲಸ ಮಾಡುತ್ತಿದ್ದ ವಾಲ್ಟರ್ ಹೆಸ್ಸೆ ಅವರ ಹೆಂಡತಿ ಫ್ಯಾನಿ ಹೆಸ್ಸೆ, ‘ನಾನು ಅಡುಗೆಯಲ್ಲಿ ಅಗರ್ ಹಾಕ್ತೀನಿ, ಅದು ಬೇಸಿಗೆಯಲ್ಲೂ ಕರಗೋದಿಲ್ಲ’ ಅನ್ನೋ ಅರ್ಥದಲ್ಲಿ ಸಲಹೆ ಕೊಟ್ಟರು. ಅಗರ್ ಅಂದ್ರ ಸಮುದ್ರದ ಪಾಚಿಯ ಅಂಟು. ನಮ್ಮಲ್ಲಿ ಚೈನಾ ಗ್ರಾಸ್ ಅಂತ ಕಿರಾಣಿ ಅಂಗಡಿಯಲ್ಲಿ ಸಿಗೋದೂ ಅದೇ. ಕರದಂಟಿನ ಊರಿನವರಿಗೆ ಅಂಟಿನ ಮಹತ್ವ ಬೇರೆ ಹೇಳಬೇಕಾ? ಅಡುಗೆಮನೆಯಿಂದ ಬಂದ ಆ ಅಂಟಿನ ಮೇಲೆ ಇವತ್ತಿಗೂ ಲ್ಯಾಬ್‌ಗಳು ನಿಂತಿವೆ.

ಮೊದಲನೇ ದಿನ ಬಿತ್ತನೆ. ಸ್ಯಾಂಪಲ್‌ನಿಂದ ಒಂದಿಷ್ಟನ್ನ ಗಾಜಿನ ಮೇಲೆ ಹಚ್ಚಿ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡ್ತಾರೆ. ಇದಕ್ಕೆ ಗ್ರಾಂ ಸ್ಟೇನ್ ಅಂತಾರೆ, 1884ರಿಂದ ಇದೆ. ನೇರಳೆ ಕಂಡರೆ ಒಂದು ಗುಂಪು, ಕೆಂಪು ಕಂಡರೆ ಇನ್ನೊಂದು. ಹೆಸರು ಗೊತ್ತಾಗಲ್ಲ, ಯಾವ ಗುಂಪಿನವ ಅಂತ ಗೊತ್ತಾಗ್ತದ. ಗಂಭೀರ ರೋಗಿಯಾದರೆ ಪ್ರಿಂಟ್‌ಗೆ ಕಾಯೋದಿಲ್ಲ, ಮೈಕ್ರೋಬಯಾಲಜಿಸ್ಟ್ ನೇರ ವಾರ್ಡಿಗೆ ಫೋನ್ ಮಾಡ್ತಾರೆ. ಅಪ್ಪನ ವಿಷಯದಲ್ಲಿ ಸಂಜೆ ಏಳಕ್ಕೆ ಆ ಫೋನ್ ಬಂತು: ಕೆಂಪು ಕಡ್ಡಿಗಳು, ಅಂದ್ರ ಗ್ರಾಂ ನೆಗೆಟಿವ್.

ಎರಡನೇ ದಿನ ತಟ್ಟೆಯ ಮೇಲೆ ಚುಕ್ಕಿ ಚುಕ್ಕಿಯಾಗಿ ಬೆಳೆ. ಅದರಿಂದ ಹೆಸರು ಪತ್ತೆ. ಅಪ್ಪನ ಪಾದದಲ್ಲಿದ್ದದ್ದು ಕ್ಲೆಬ್ಸಿಯೆಲ್ಲಾ.

ಅದೇ ಚುಕ್ಕಿ ತೆಗೆದು ಇನ್ನೊಂದು ತಟ್ಟೆಗೆ ಸವರಿ, ಮೇಲೆ ಬೇರೆ ಬೇರೆ ಔಷಧದ ಪುಟ್ಟ ಕಾಗದದ ಬಿಲ್ಲೆ ಇಡ್ತಾರೆ. ರಾತ್ರಿ ಕಳೆದು ಮೂರನೇ ದಿನ ನೋಡಿದಾಗ, ಔಷಧ ಕೆಲಸ ಮಾಡಿದಲ್ಲಿ ಬಿಲ್ಲೆಯ ಸುತ್ತ ಖಾಲಿ ವರ್ತುಲ. ಅದನ್ನ ಮಿಲಿಮೀಟರ್ ಲೆಕ್ಕದಲ್ಲಿ ಅಳೀತಾರೆ. ಬಿಲ್ಲೆಗೆ ಅಂಟಿಕೊಂಡೇ ಬೆಳೆದಿದ್ದರೆ ಆ ಔಷಧಕ್ಕೆ ಬ್ಯಾಕ್ಟೀರಿಯಾ ಬಗ್ಗೋದಿಲ್ಲ. ದೊಡ್ಡ ಆಸ್ಪತ್ರೆಗಳಲ್ಲಿ ಈಗ ಇದಕ್ಕೆ ಮಷೀನ್‌ಗಳಿವೆ, ಸಮಯ ಸ್ವಲ್ಪ ಉಳೀತದ. ಆದರೂ ಬ್ಯಾಕ್ಟೀರಿಯಾ ಬೆಳೆಯೋ ಹೊತ್ತು ಬೆಳೆಯಲೇಬೇಕು.

ಅಪ್ಪನ ರಿಪೋರ್ಟ್‌ನಲ್ಲಿ ನಾವು ಮೂರು ತಾಲೂಕಿನಲ್ಲಿ ದುಡ್ಡು ಕೊಟ್ಟು ತಂದ ಮೂರೂ ಔಷಧಗಳ ಮುಂದೆ ‘ಆರ್’ ಇತ್ತು. ಆರ್ ಅಂದ್ರ ರೆಸಿಸ್ಟಂಟ್, ಬಗ್ಗೋದಿಲ್ಲ. ಹನ್ನೆರಡು ದಿನ ನಾವು ತುಂಬಿದ್ದು ಅಪ್ಪನ ಖಾತೆಗಲ್ಲ, ಆ ಕ್ಲೆಬ್ಸಿಯೆಲ್ಲಾದ ಖಾತೆಗೆ.

‘ಏನೂ ಬೆಳೆದಿಲ್ಲ’ ಅಂದ್ರ ಖುಷಿ ಪಡಬೇಕಾ?

ರಕ್ತದ ಬಾಟಲಿಗಳನ್ನ ಐದು ದಿನ ಮಷೀನ್‌ನಲ್ಲಿ ಇಡ್ತಾರೆ. ಬ್ಯಾಕ್ಟೀರಿಯಾ ಬೆಳೆದರೆ ಗಾಳಿ ಬಿಡ್ತದ, ಮಷೀನ್ ಅದನ್ನ ಹಿಡಿದು ಸದ್ದು ಮಾಡ್ತದ. ಅಪ್ಪನ ಬಾಟಲಿ ಸದ್ದು ಮಾಡಲಿಲ್ಲ. ‘ನೋ ಗ್ರೋತ್’. ನಾನು ಖುಷಿಯಿಂದ ಅವ್ವನಿಗೆ ಫೋನ್ ಮಾಡಿದೆ, ರಕ್ತದಾಗ ಏನೂ ಇಲ್ಲಂತ ಬೇ ಅಂತ.

ಮೇಡಂ ನನ್ನ ಖುಷಿಗೆ ತಣ್ಣೀರು ಹಾಕಿದರು. ಒಳಗೆ ಔಷಧ ಮೊದಲೇ ಇದ್ದರೆ ರಕ್ತದಲ್ಲಿರೋ ಬ್ಯಾಕ್ಟೀರಿಯಾ ಅರ್ಧ ಸತ್ತು ಸುಸ್ತಾಗಿ ಬಾಟಲಿಯಲ್ಲಿ ಬೆಳೆಯದೇ ಇರಬಹುದು. ಹಂಗಂತ ದೇಹದಲ್ಲಿ ಇಲ್ಲ ಅಂತಲ್ಲ. ನನ್ನ ಭಾಷೆಯಲ್ಲಿ ಹೇಳಬೇಕಂದ್ರ, ಕಿರ್ದಿಯಲ್ಲಿ ಎಂಟ್ರಿ ಇಲ್ಲ ಅಂದ ಮಾತ್ರಕ್ಕೆ ಸಾಲ ಇಲ್ಲ ಅಂತ ಅಲ್ಲ. ಯಾರೋ ಎಂಟ್ರಿ ಅಳಿಸಿರಬಹುದು. ಅಳಿಸಿದವರು ನಾವು.

ಇದಕ್ಕೇ ನಿಯಮ ಹಿಂಗೈತಿ: ಮೊದಲು ಸ್ಯಾಂಪಲ್, ಆಮೇಲೆ ಮೊದಲ ಡೋಸ್. ಒಂದು ಎಚ್ಚರಿಕೆ. ರೋಗಿ ತೀರಾ ಗಂಭೀರ ಇದ್ದರೆ ಕಲ್ಚರ್ ಸಲುವಾಗಿ ಔಷಧ ತಡ ಮಾಡಬಾರದು. ಸೆಪ್ಸಿಸ್‌ನಿಂದ ಬಿ.ಪಿ. ಬಿದ್ದುಹೋದವರಿಗೆ ಒಂದು ಗಂಟೆಯೊಳಗೆ ಆ್ಯಂಟಿಬಯೋಟಿಕ್ ಬೀಳಬೇಕು. ಆದರೆ ರಕ್ತ ತೆಗೆಯೋಕೆ ಬೇಕಾಗೋದು ಕೆಲವೇ ನಿಮಿಷ. ಬೆಳಗಾವಿಯಲ್ಲಿ ಅವರು ಎರಡನ್ನೂ ಮಾಡಿದರು.

ಔಷಧ ನಿಲ್ಲಿಸೋದೂ ಚಿಕಿತ್ಸೆ

ನಾಲ್ಕನೇ ದಿನ ಎರಡು ಆ್ಯಂಟಿಬಯೋಟಿಕ್‌ಗಳಲ್ಲಿ ಒಂದನ್ನ ಬಂದ್ ಮಾಡಿದರು. ನನಗೆ ಮತ್ತೆ ಭಯ. ರೊಕ್ಕ ಕಟ್ಟೋದಿಲ್ಲ ಅಂತ ತಿಳಿದರೇನು? ಕಾರಣ ಅದಲ್ಲ. ಯಾವ ಬ್ಯಾಕ್ಟೀರಿಯಾ ಅಂತ ಗೊತ್ತಿಲ್ಲದಾಗ ಎರಡೂ ಗುಂಪಿಗೆ ಬಲೆ ಬೀಸಿರ್ತಾರೆ. ಹೆಸರು ಗೊತ್ತಾದ ಮೇಲೆ ಬೇಡದ ಬಲೆ ವಾಪಸ್. ಬೇಡದ ಔಷಧ ಕಿಡ್ನಿಗೆ ಭಾರ, ಕಿಸೆಗೆ ಭಾರ. ಮೇಲಾಗಿ ದೇಹದಲ್ಲಿರೋ ಬೇರೆ ಬ್ಯಾಕ್ಟೀರಿಯಾಗಳಿಗೆ ಆ ಔಷಧವನ್ನ ಎದುರಿಸೋ ಪಾಠ ಕಲಿಸಿದಂಗ.

ಈ ಪಾಠ ಕಲಿಯೋದು ಹೊಸ ಸುದ್ದಿ ಅಲ್ಲ. ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರ ನೊಬೆಲ್ ಭಾಷಣದಲ್ಲೇ, ಕಡಿಮೆ ಪ್ರಮಾಣದಲ್ಲಿ ತಗೊಂಡರೆ ಸೂಕ್ಷ್ಮಾಣು ಗಟ್ಟಿಯಾಗ್ತವೆ ಅಂತ ಎಚ್ಚರಿಸಿದ್ದರು. 2019ರಲ್ಲಿ ಜಗತ್ತಿನಾದ್ಯಂತ ಸುಮಾರು 12.7 ಲಕ್ಷ ಸಾವಿಗೆ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳೇ ನೇರ ಕಾರಣ ಅಂತ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಅಂದಾಜು ಹೇಳ್ತದ. ನಮ್ಮ ಐಸಿಎಂಆರ್ 2013ರಿಂದ ದೊಡ್ಡ ಆಸ್ಪತ್ರೆಗಳ ಲ್ಯಾಬ್‌ಗಳಿಂದ ಇದರ ಲೆಕ್ಕ ಇಡ್ತಿದೆ. ಐಸಿಯುಗಳಲ್ಲಿ ಕಾಡೋ ಅಸಿನೆಟೊಬ್ಯಾಕ್ಟರ್ ಅನ್ನೋ ಬ್ಯಾಕ್ಟೀರಿಯಾ ಇದೆಯಲ್ಲ, ಆ ಲೆಕ್ಕದಲ್ಲಿ ಹತ್ತರಲ್ಲಿ ಎಂಟಕ್ಕಿಂತ ಹೆಚ್ಚು ಮೆರೊಪೆನಮ್‌ನಂಥ ಬಲವಾದ ಔಷಧಕ್ಕೂ ಬಗ್ಗೋದಿಲ್ಲ.

ಪ್ರತಿ ಆಸ್ಪತ್ರೆಯೂ ಇಂಥ ತನ್ನದೇ ಲೆಕ್ಕ ಇಡಬೇಕು. ವರ್ಷದಲ್ಲಿ ಬಂದ ಬ್ಯಾಕ್ಟೀರಿಯಾಗಳಲ್ಲಿ ಯಾವುದು ಯಾವ ಔಷಧಕ್ಕೆ ಎಷ್ಟು ಬಗ್ಗಿತು ಅನ್ನೋ ಪಟ್ಟಿ. ಆ್ಯಂಟಿಬಯೋಗ್ರಾಂ ಅಂತ ಹೆಸರು. ಎಪಿಎಂಸಿಯ ದರಪಟ್ಟಿ ಇದ್ದಂಗ. ಪುಣೆಯ ದರ ನೋಡಿ ಸಂಕೇಶ್ವರದಲ್ಲಿ ಮೆಣಸಿನಕಾಯಿ ಮಾರೋಕಾಗ್ತದೇನು? ಹಂಗ ದಿಲ್ಲಿಯ ಪಟ್ಟಿ ನೋಡಿ ಬೆಳಗಾವಿಯಲ್ಲಿ ಔಷಧ ಬರೆಯೋಕಾಗೋದಿಲ್ಲ. ಈ ಪಟ್ಟಿ ತಯಾರಿಸೋದೂ ಮೈಕ್ರೋಬಯಾಲಜಿಸ್ಟ್ ಕೆಲಸವೇ.

ಲ್ಯಾಬಿನ ಹೊರಗಿನ ಅರ್ಧ ಕೆಲಸ

ಅವರ ಇನ್ನರ್ಧ ಕೆಲಸ ನಮ್ಮ ಕಣ್ಣಿಗೆ ಬೀಳೋದೇ ಇಲ್ಲ, ಯಾಕಂದ್ರ ಅದು ಚಲೋ ನಡೆದರೆ ಏನೂ ಆಗೋದಿಲ್ಲ. ನರ್ಸ್, ಡಾಕ್ಟರ್‌ಗಳು ಒಬ್ಬ ರೋಗಿಯಿಂದ ಇನ್ನೊಬ್ಬರ ಹತ್ತಿರ ಹೋಗುವಾಗ ಕೈ ತೊಳೀತಾರಾ ಅಂತ ಲೆಕ್ಕ ಹಾಕೋದು. ಆಪರೇಷನ್ ಸಾಮಾನು ಬೇಯಿಸೋ ಆಟೋಕ್ಲೇವ್ ನಿಜವಾಗಿ ಕೆಲಸ ಮಾಡಿತಾ ಅಂತ, ಸುಲಭಕ್ಕೆ ಸಾಯದ ಬ್ಯಾಕ್ಟೀರಿಯಾದ ಬೀಜಾಣು ಒಳಗಿಟ್ಟು ಪರೀಕ್ಷಿಸೋದು. ಮೂತ್ರದ ನಳಿಕೆ, ವೆಂಟಿಲೇಟರ್ ಹಾಕಿದವರಲ್ಲಿ ಹೊಸ ಸೋಂಕು ಬಂತಾ ಅಂತ ಎಣಿಸೋದು. ಲೆಕ್ಕಪತ್ರದವರ ಭಾಷೆಯಲ್ಲಿ, ಇಂಟರ್ನಲ್ ಆಡಿಟ್.

ಆ ಕಾವಲು ಎಷ್ಟು ಮುಖ್ಯ ಅನ್ನೋದಕ್ಕೆ ನಮ್ಮ ರಾಜ್ಯದ್ದೇ ಉದಾಹರಣೆ ಇದೆ. 2019ರ ಜುಲೈನಲ್ಲಿ ಬೆಂಗಳೂರಿನ ಮಿಂಟೋ ಕಣ್ಣಿನ ಆಸ್ಪತ್ರೆಯಲ್ಲಿ ಪೊರೆ ಆಪರೇಷನ್ ಮಾಡಿಸಿಕೊಂಡವರಲ್ಲಿ ಹಲವರಿಗೆ ಕಣ್ಣಿನೊಳಗೆ ಸೋಂಕಾಗಿ, ಕೆಲವರ ದೃಷ್ಟಿಯೇ ಹೋಯಿತು. ಆಪರೇಷನ್ ವೇಳೆ ಕಣ್ಣಿಗೆ ಹಾಕುವ ಜೆಲ್‌ನಂಥ ದ್ರಾವಣದ ಮೇಲೆ ಅನುಮಾನ ಬಂತು. ಅದರಲ್ಲೇ ಸ್ಯೂಡೊಮೊನಾಸ್ ಬ್ಯಾಕ್ಟೀರಿಯಾ ಇತ್ತು ಅಂತ ಆಸ್ಪತ್ರೆಯ ಕಡೆಯವರು ಹೇಳಿದರು. ಡಾಕ್ಟರ್ ಕೈ, ಕತ್ತರಿ, ಕೋಣೆ, ನೀರು, ಔಷಧ, ಇವುಗಳಲ್ಲಿ ಯಾವುದರಿಂದ ಬಂತು ಅನ್ನೋ ಪ್ರಶ್ನೆಗೆ ಉತ್ತರ ಬೇಕಾದರೆ ಊಹೆ ಸಾಲೋದಿಲ್ಲ, ತಟ್ಟೆಯ ಮೇಲೆ ಬೆಳೆಸಿಯೇ ನೋಡಬೇಕು.

ಹಂಗಾದ್ರ ನಮ್ಮ ಊರಲ್ಲಿ?

ನಮ್ಮ ಭಾಗಕ್ಕೆ ಆಸ್ಪತ್ರೆ ಹೊಸದಲ್ಲ. ಸೇವಾದಳದ ಡಾ. ನಾ.ಸು. ಹರ್ಡೀಕರ್ ಅವರ ಹೆಸರಿನ ಜೊತೆ ಬೆಸೆದುಕೊಂಡ ಘಟಪ್ರಭಾದ ಕರ್ನಾಟಕ ಹೆಲ್ತ್ ಇನ್‌ಸ್ಟಿಟ್ಯೂಟ್ ಸ್ವಾತಂತ್ರ್ಯಕ್ಕೂ ಮೊದಲಿನದು. ಆದರೆ ಕಲ್ಚರ್ ಮಾಡೋ ಲ್ಯಾಬು, ಅದರ ಮೇಲೊಬ್ಬ ಮೈಕ್ರೋಬಯಾಲಜಿಸ್ಟ್ ಸಾಮಾನ್ಯವಾಗಿ ಸಿಗೋದು ಮೆಡಿಕಲ್ ಕಾಲೇಜು ಇರೋ ಊರಲ್ಲಿ. ನಮಗೆ ಅಂದ್ರ ಬೆಳಗಾವಿ: ಸರ್ಕಾರಿ ಬಿಮ್ಸ್, ಕೆಎಲ್‌ಇಯ ಆಸ್ಪತ್ರೆ. ಗೋಕಾಕದಿಂದ ಸುಮಾರು 60 ಕಿಲೋಮೀಟರ್.

ಆದರೆ ರೋಗಿ ಹೋಗಲೇಬೇಕಂತಿಲ್ಲ, ಸ್ಯಾಂಪಲ್ ಹೋದರೆ ಸಾಕಾಗ್ತದ. ಖಾಸಗಿ ಲ್ಯಾಬ್‌ಗಳ ಕಲೆಕ್ಷನ್ ಸೆಂಟರ್‌ಗಳು ಸಣ್ಣ ಪಟ್ಟಣಗಳಿಗೂ ಬಂದಿವೆ. ನಮ್ಮಲ್ಲಿ ಕೊರತೆ ಇರೋದು ಕೇಳೋ ಅಭ್ಯಾಸದ್ದು.

ಕಾನೂನೂ ಐತಿ. 2014ರ ಮಾರ್ಚ್‌ನಿಂದ ಶೆಡ್ಯೂಲ್ ಎಚ್1 ಅನ್ನೋ ಪಟ್ಟಿ ಜಾರಿಯಲ್ಲಿದೆ. ಹಲವು ಬಲವಾದ ಆ್ಯಂಟಿಬಯೋಟಿಕ್‌ಗಳು ಅದರಲ್ಲಿವೆ. ಅವನ್ನ ಚೀಟಿ ಇಲ್ಲದೇ ಮಾರಬಾರದು. ಮಾರಿದರೆ ಡಾಕ್ಟರ್ ಹೆಸರು, ರೋಗಿ ಹೆಸರು, ಔಷಧ, ಪ್ರಮಾಣ ಎಲ್ಲ ಬರೆದ ರಿಜಿಸ್ಟರ್ ಮೂರು ವರ್ಷ ಇಡಬೇಕು. ಪಟ್ಟಿಯ ಹಿಂದಿನ ಕೆಂಪು ಗೆರೆ ನೋಡಿರಬೇಕಲ್ಲ? ಚೀಟಿ ಇಲ್ಲದೇ ತಗೋಬೇಡಿ ಅನ್ನೋದೇ ಅದರ ಅರ್ಥ. ನಾನು ಮೂಡಲಗಿಯಲ್ಲಿ ತಂದ ಪಟ್ಟಿಯ ಮೇಲೂ ಗೆರೆ ಇತ್ತು, ಫೋಟೋದಲ್ಲಿ ಈಗಲೂ ಕಾಣ್ತದ. ಅವತ್ತು ನಾನು ನೋಡಿದ್ದು ಎಂಆರ್‌ಪಿ ಮಾತ್ರ.

ನೀವು ಮಾಡಬಹುದಾದ್ದು ನಾಲ್ಕು ಕೆಲಸ:

ಒಂದು, ಆ್ಯಂಟಿಬಯೋಟಿಕ್ ಬರೆದಾಗ ಗೌರವದಿಂದಲೇ ಕೇಳ್ರಿ: ‘ಸರ್, ಇದಕ್ಕ ಮೊದಲು ಕಲ್ಚರ್ ಬೇಕಾಗ್ತದೇನ್ರಿ?’ ಪ್ರತಿ ನೆಗಡಿಗೂ ಬೇಡ. ನೆಗಡಿ ಬಹುತೇಕ ವೈರಸ್‌ನಿಂದ ಬರೋದು, ಅದಕ್ಕೆ ಆ್ಯಂಟಿಬಯೋಟಿಕ್ಕೇ ಬೇಡ. ಆದರೆ ಮಾಯದ ಗಾಯ, ಮತ್ತೆ ಮತ್ತೆ ಬರೋ ಉರಿಮೂತ್ರ, ಬಿಡದ ಜ್ವರ, ಶುಗರ್ ಇದ್ದವರ ಪಾದ ಇದ್ದರೆ ಕೇಳಲೇಬೇಕು.

ಎರಡು, ತಗೊಂಡ ಪ್ರತಿ ಗುಳಿಗೆ ಪಟ್ಟಿಯ ಫೋಟೋ, ಶುರು ಮಾಡಿದ ತಾರೀಕು ಫೋನ್‌ನಲ್ಲಿ ಇರಲಿ. ರೀಲ್ಸ್‌ಗೆ ಜಾಗ ಐತಿ ಅಂದ್ರ ಇದಕ್ಕೂ ಐತಿ.

ಮೂರು, ರಿಪೋರ್ಟ್ ಬಂದರೆ ‘ಎಸ್’ ಇರೋದನ್ನ ನೋಡಿ ನೀವೇ ಗುಳಿಗೆ ತರಬೇಡ್ರಿ. ಬೆಳೆದದ್ದೆಲ್ಲ ಕಳ್ಳ ಅಲ್ಲ ಅಂತ ಆಗಲೇ ಹೇಳಿದೆನಲ್ಲ. ಕಳ್ಳ ಯಾರು ಅಂತ ತೀರ್ಮಾನಿಸೋದು ಡಾಕ್ಟರ್.

ನಾಲ್ಕು, ಆಸ್ಪತ್ರೆಯಲ್ಲಿ ರೋಗಿ ನೋಡೋಕೆ ಹೋದಾಗ ಒಳಗೆ ಹೋಗುವಾಗ, ಹೊರಗೆ ಬರುವಾಗ ಕೈ ತೊಳೀರಿ. ಹಾಸಿಗೆ ಮೇಲೆ ಕುಂಡ್ರಬೇಡ್ರಿ.

ಅಪ್ಪ ಈಗ ಮನೆಯಲ್ಲಿದ್ದಾನೆ. ಎರಡು ಬೆರಳಿಲ್ಲ, ಪಾದ ಐತಿ. ದಪ್ಪ ಚಪ್ಪಲಿ ಹಾಕ್ಕೊಂಡು ಹೊಲಕ್ಕೆ ಹೋಗ್ತಾನೆ. ಸಂಜೆ ಮನೆಗೆ ಬಂದ ಕೂಡಲೇ ಅವ್ವ ಕಾಲು ಚಾಚು ಅಂತಾಳೆ, ಟಾರ್ಚ್ ಹಾಕಿ ಬೆರಳ ಸಂದಿ ಸಂದಿ ನೋಡ್ತಾಳೆ.

ಡಿಸ್ಚಾರ್ಜ್ ದಿನ ಆ ಮೇಡಂಗೆ ಒಂದು ಕಿಲೋ ಕರದಂಟು ಕೊಡೋಣ ಅಂತ ಲ್ಯಾಬಿನ ಬಾಗಿಲಿಗೆ ಹೋಗಿದ್ದೆ. ಒಳಗೆ ತಿನ್ನೋ ಸಾಮಾನು ತರಬಾರದು ಅಂತ ಬೋರ್ಡ್ ಇತ್ತು. ಹೊರಗೆ ನಿಂತು ಹೇಳಿಕಳಿಸಿದೆ. ಬಂದರು, ನಕ್ಕರು, ಕೈ ತೊಳೆದುಕೊಂಡು ಬಂದು ಒಂದೇ ತುಂಡು ತಗೊಂಡರು. ಅಷ್ಟರಲ್ಲಿ ಒಳಗೆ ಯಾವುದೋ ಬಾಟಲಿ ಸದ್ದು ಮಾಡಿತು. ‘ಯಾರದೋ ರಕ್ತ ಪಾಸಿಟಿವ್ ಬಂತ್ರಿ’ ಅಂತ ಹೇಳಿ ಒಳಗೆ ಹೋದರು.

ನಿಮ್ಮ ಮನೆಯಲ್ಲಿ ಶುಗರ್ ಇದ್ದವರು ಇದ್ದರೆ ಈ ಸಂಚಿಕೆಯನ್ನ ಅವರಿಗಲ್ಲ, ಅವರಿಗೆ ಗುಳಿಗೆ ತಂದುಕೊಡೋರಿಗೆ ಕಳಿಸಿ. ಮುಂದಿನ ವಾರ ಮತ್ತೆ ರೊಕ್ಕದ ವಿಷಯಕ್ಕೇ ಬರೋಣ: ಆರೋಗ್ಯ ವಿಮೆಯ ಕ್ಲೇಮ್ ಯಾಕೆ ಅರ್ಧಕ್ಕೆ ನಿಲ್ತದ? ಅಲ್ಲೀತನಕ ಆರಾಮ ಇರ್ರಿ.